ಟವೆಲಿನ ಕೆಳಗೆ ಒಂಬತ್ತು

ದನದ ವ್ಯಾಪಾರ ಶುರುವಾಗುವುದು ಬಾಯಲ್ಲಿ, ಮುಗಿಯುವುದು ಕೈಯಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಗೊತ್ತಿಲ್ಲದಿದ್ದರೆ ನನ್ನ ಹೆಂಡತಿಯ ತಲೆಶೂಲೆಯ ಸಂಗತಿ ಅರ್ಧ ಮಾತ್ರ ತಿಳಿಯುತ್ತದೆ.

ಸಂತೆಯಲ್ಲಿ ಒಂದು ಜೋಡಿ ಎತ್ತಿನ ಸುತ್ತ ಜನ ನೆರೆದಿರುತ್ತಾರೆ. ಮಾರುವವನು ಬಾಯಿಗೆ ಬಂದಷ್ಟು ಹೇಳುತ್ತಾನೆ, ಕೊಳ್ಳುವವನು ನಾಚಿಕೆ ಬಿಟ್ಟು ಅದರ ಅರ್ಧಕ್ಕೆ ಕೇಳುತ್ತಾನೆ. ಇಬ್ಬರದೂ ಸುಳ್ಳು. ಅದು ಇಬ್ಬರಿಗೂ ಗೊತ್ತು, ನಿಂತು ನೋಡುವವರಿಗೂ ಗೊತ್ತು. ಕೂಗಾಟ ಸಾಕಾದ ಮೇಲೆ ದಲಾಲಿ ನಡುವೆ ಬರುತ್ತಾನೆ. ಹೆಗಲ ಮೇಲಿನ ಟವೆಲು ತೆಗೆದು ಮಾರುವವನ ಕೈಮೇಲೆ ಹಾಕಿ, ಅದರ ಕೆಳಗೆ ತನ್ನ ಕೈ ತೂರಿಸಿ ಹಿಡಿಯುತ್ತಾನೆ. ಒಂದು ಬೆರಳು ಕೊಟ್ಟರೆ ಒಂದು, ಎರಡು ಕೊಟ್ಟರೆ ಎರಡು, ಇಡೀ ಹಸ್ತ ಕೊಟ್ಟರೆ ಐದು. ಐದರ ಮೇಲೆ ಹೋಗಬೇಕಾದರೆ ಹಸ್ತ ಕೊಟ್ಟು, ಬಿಟ್ಟು, ಮತ್ತೆ ಬೆರಳು ಕೊಡಬೇಕು. ಮುಷ್ಟಿ ಕಟ್ಟಿ ಕೊಟ್ಟರೆ ಮಾತು ಮುಗಿಯಿತು, ಈ ಮಾಲು ಮಾರಾಟಕ್ಕಿಲ್ಲ. ನಾನು ನಮ್ಮ ಕಡೆಯ ಸಂತೆಗಳಲ್ಲಿ ಕಲಿತದ್ದು ಹೀಗೆ. ಬೇರೆ ಕಡೆ ಬೇರೆ ರೀತಿ ಇದ್ದೀತು. ಆದರೆ ಒಂದು ನಿಯಮ ಎಲ್ಲ ಕಡೆಯೂ ಒಂದೇ ಇರಬೇಕು. ಬಾಯಲ್ಲಿ ಹೇಳಿದ್ದನ್ನು ಎಷ್ಟು ಸಲ ಬೇಕಾದರೂ ತಿರುಗಿಸಬಹುದು, ಟವೆಲಿನ ಕೆಳಗೆ ಕೊಟ್ಟದ್ದನ್ನು ತಿರುಗಿಸುವಂತಿಲ್ಲ. ಅಲ್ಲಿ ಸುಳ್ಳಾಡಿದವನ ಕೈಯನ್ನು ಮುಂದಿನ ಸಂತೆಯಲ್ಲಿ ಯಾರೂ ಹಿಡಿಯುವುದಿಲ್ಲ.

ನಾನು ಹುಟ್ಟಿದ್ದು ಅಬ್ಬಿಗೇರಿಯಲ್ಲಿ. ಅಪ್ಪನಿಗೆ ಹೊಲವಿರಲಿಲ್ಲ, ನನಗೆ ಓದು ಹತ್ತಲಿಲ್ಲ. ಮಂದಿಯ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೋಗುವುದರಿಂದ ಶುರುಮಾಡಿದೆ. ಬರಬರುತ್ತಾ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವುದನ್ನು ಕಲಿತೆ, ಮನುಷ್ಯನ ಮುಖ ನೋಡಿ ಅವನು ಎಲ್ಲಿಗೆ ಇಳಿಯುತ್ತಾನೆ ಎಂದು ಹೇಳುವುದನ್ನೂ ಕಲಿತೆ. ಇವತ್ತು ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಅಂಗಡಿ ಇದೆ. ಹಗ್ಗ, ಮೂಗುದಾಣ, ಗೆಜ್ಜೆ, ತಾಡಪತ್ರಿ ಎಲ್ಲ ಸಿಗುತ್ತದೆ. ಈಗಿನ ಹುಡುಗರು ಎತ್ತಿನ ಫೋಟೋವನ್ನು ಮೊಬೈಲಿನಲ್ಲಿ ಕಳಿಸಿ ವ್ಯಾಪಾರ ಮಾಡುತ್ತಾರೆ. ಮಾಡಲಿ. ಆದರೆ ಜೋಡಿ ಭಾರಿಯದಾದರೆ, ಮಾತು ಕಗ್ಗಂಟಾದರೆ, ಈಗಲೂ ನನ್ನನ್ನೇ ಕರೆಯುತ್ತಾರೆ. ಟವೆಲು ಹೆಗಲ ಮೇಲೇ ಇರುತ್ತದೆ.

ಹೆಂಡತಿ ಗಜೇಂದ್ರಗಡದ ನೇಕಾರರ ಮನೆಯವಳು. ನಮ್ಮ ಮದುವೆಯಾದ ಹೊಸತರಲ್ಲಿ ಅವಳ ಓಣಿಯ ಮುದುಕನೊಬ್ಬ ತನ್ನ ಕೈಮಗ್ಗ ಮಾರುತ್ತಾನೆಂದು ಸುದ್ದಿ ಬಂತು. ಗಟ್ಟಿ ಸಾಗವಾನಿಯದು. ಇವಳಿಗೆ ಅದು ಬೇಕೇ ಬೇಕು. ತವರಿನಲ್ಲಿ ಅಣ್ಣಂದಿರ ಮಗ್ಗದ ಮೇಲೆ ನೇಯ್ದವಳು, ತನ್ನದೆಂಬ ಮಗ್ಗ ಇರಲಿಲ್ಲ. ವ್ಯಾಪಾರಕ್ಕೆ ನಾನು ಕುಳಿತೆ, ಅವಳು ನನ್ನ ಪಕ್ಕದಲ್ಲಿ. ಎತ್ತಾದರೆ ನಾನು ಹಲ್ಲು ನೋಡುತ್ತಿದ್ದೆ, ಮಗ್ಗಕ್ಕೆ ಹಲ್ಲೆಲ್ಲಿ? ಅವಳಿಗೇ ಅದರ ಬೆಲೆ ಗೊತ್ತು. ಹಿಂದಿನ ದಿನವೇ ಅವಳಿಗೆ ಬೆರಳಿನ ಲೆಕ್ಕ ಕಲಿಸಿಟ್ಟಿದ್ದೆ. ಮುದುಕ ಒಂದೊಂದು ಸಲ ಇಳಿದಾಗಲೂ ಅವಳು ಸೆರಗಿನ ಕೆಳಗೆ ನನ್ನ ಬೆರಳು ಹಿಡಿದು, ಇನ್ನೂ ಇಳಿಸಿ ಎನ್ನುತ್ತಿದ್ದಳು. ಕೊನೆಗೆ ಒಮ್ಮೆ, ಇಷ್ಟಕ್ಕೆ ಸಾಕು ಎಂಬಂತೆ, ನನ್ನ ಹಸ್ತವನ್ನು ಗಟ್ಟಿಯಾಗಿ ಅದುಮಿದಳು. ಮುಗಿಸಿದೆ. ಮಗ್ಗ ನಮ್ಮ ಮನೆಗೆ ಬಂತು.

ಅಂದಿನಿಂದ ಆ ಬೆರಳಿನ ಮಾತು ನಮ್ಮಿಬ್ಬರದಾಯಿತು. ಮಗಳನ್ನು ಕೊಟ್ಟ ಮನೆಯ ಬೀಗರು ಬಂದು ಕುಳಿತಾಗ ಊಟಕ್ಕೆ ಎಷ್ಟು ಜನ ಎಂದು ಕೇಳುವುದು, ಸೀರೆ ಕೊಳ್ಳಲು ಬಂದವರಿಗೆ ಎಷ್ಟಕ್ಕೆ ಬಿಡಬೇಕೆಂದು ತಿಳಿಸುವುದು, ಎಲ್ಲ ಕೈಯಲ್ಲೇ. ಗಂಡಹೆಂಡಿರಿಗೆ ನಾನು ಕೊಡುವ ಬುದ್ಧಿಮಾತು ಒಂದೇ. ನಾಲ್ಕು ಮಂದಿಯ ಎದುರಿನಲ್ಲಿ ಸದ್ದಿಲ್ಲದೆ ಮಾತಾಡುವ ಒಂದು ದಾರಿ ಇಟ್ಟುಕೊಳ್ಳಿ. ಯಾವತ್ತಾದರೂ ಉಪಯೋಗಕ್ಕೆ ಬರುತ್ತದೆ. ನಮಗೆ ಹೇಗೆ ಬಂತೆಂದು ಈಗ ಹೇಳುತ್ತೇನೆ.

ಅವಳು ನೇಯುವುದು ಗಜೇಂದ್ರಗಡದ ಪಟ್ಟೆದಂಚು ಸೀರೆ. ಕಣ್ಣಿಗೆ ಹಿಡಿಸುವ ಅಂಚು, ನಡುವೆ ಚೌಕಳಿ. ನಾಲ್ಕು ಕಡೆ ಅಲೆದು ಮಾರುವವನು ನಾನು, ಆದ್ದರಿಂದ ಹೆಮ್ಮೆಯಿಂದಲೇ ಹೇಳುತ್ತೇನೆ. ಅವಳ ಸೀರೆಯ ಅಂಚು ತೊಳೆದಷ್ಟೂ ಸರಿಯಾಗಿ ಕೂಡುತ್ತದೆ, ಎಳೆ ಎಲ್ಲೂ ಜಗ್ಗುವುದಿಲ್ಲ. ನರಗುಂದದ ಹೆಣ್ಣುಮಕ್ಕಳು ಮದುವೆಗೆಂದು ಅದನ್ನೇ ಕೇಳಿ ಒಯ್ಯುತ್ತಾರೆ. ಬೆಲೆಯನ್ನು ನಾನು ಇಳಿಸುವುದಿಲ್ಲ. ಇಳಿಸಿದರೆ ಅವಳು ಬೈಯುತ್ತಾಳೆ.

ತಲೆಶೂಲೆ ಅವಳಿಗೆ ಮೊದಲಿನಿಂದಲೂ ಇತ್ತು. ಅರ್ಧ ತಲೆ, ಒಂದು ಕಡೆಯ ಕಣ್ಣಿನ ಮೇಲಿಂದ ಹಿಡಿದು ಕಿವಿಯ ಹಿಂದಿನವರೆಗೆ. ಬಂದರೆ ಬೆಳಕು ಬೇಡ, ಸಪ್ಪಳ ಬೇಡ, ಒಗ್ಗರಣೆಯ ವಾಸನೆ ಬಂದರೆ ವಾಂತಿ. ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಕತ್ತಲೆ ಕೋಣೆಯಲ್ಲಿ ಗೋಡೆಗೆ ತಲೆ ಒತ್ತಿ ಕೂಡುತ್ತಿದ್ದಳು. ಕೇಳಿದರೆ ಒಂದೇ ಉತ್ತರ, ಏನಿಲ್ಲ, ಸ್ವಲ್ಪ ಹಿಡಿದಿದೆ. ಸ್ವಲ್ಪ ಹೊತ್ತಾದ ಮೇಲೆ ಕಿರಾಣಿ ಅಂಗಡಿಯ ಗುಳಿಗೆ ನುಂಗಿ ಮತ್ತೆ ಮಗ್ಗಕ್ಕೆ ಕೂಡುವಳು. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವಾಗ ಆಗುವ ಖಟ್ ಖಟ್ ಸಪ್ಪಳಕ್ಕೆ ಪ್ರತಿ ಸಲವೂ ಅವಳ ರೆಪ್ಪೆ ಮುಚ್ಚುವುದನ್ನು ನಾನು ನೋಡಿದ್ದೇನೆ.

ನನ್ನ ಅಕ್ಕ ನಮ್ಮ ಮನೆಯಲ್ಲೇ ಇದ್ದಾಳೆ. ಗಂಡ ತೀರಿಕೊಂಡ ಮೇಲೆ ಬಂದವಳು, ಮನೆಯ ಅರ್ಧ ಕಾರಭಾರ ಅವಳದೇ. ಕೆಟ್ಟವಳಲ್ಲ, ಬಾಯಿ ಮಾತ್ರ ಹರಿತ. ಹೆಂಡತಿ ಬಟ್ಟೆ ಕಟ್ಟಿಕೊಂಡು ಕುಳಿತಾಗೆಲ್ಲ ಅಕ್ಕ ಶುಂಠಿ ಕಷಾಯ ಕುದಿಸಿ ತಂದುಕೊಡುತ್ತಿದ್ದಳು, ಜೊತೆಗೆ ಒಂದು ಮಾತನ್ನೂ ಕೊಡುತ್ತಿದ್ದಳು.

“ನಮಗೂ ತಲಿ ಇದ್ದುವು ತಂಗಿ. ಅವು ನೋಯ್ತಾವಂತ ಊರಿಗೆ ಡಂಗುರ ಹೊಡದಿರಲಿಲ್ಲ, ಅಷ್ಟ.”

ಇವಳು ಕಷಾಯ ಕುಡಿದು ಲೋಟ ತೊಳೆದಿಡುತ್ತಿದ್ದಳು.

ಎರಡು ವರ್ಷದ ಹಿಂದೆ ಶೂಲೆ ಜಾಸ್ತಿಯಾಯಿತು. ವಾರಕ್ಕೆ ಒಂದೋ ಎರಡೋ ದಿನ ಇದ್ದದ್ದು ದಿನ ಬಿಟ್ಟು ದಿನ ಬರತೊಡಗಿತು. ಗುಳಿಗೆಯೂ ಜಾಸ್ತಿಯಾಯಿತು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇರುತ್ತಿತ್ತು, ಅಕ್ಕ ಅದರ ಮೇಲೆ ದೂಳು ಕೂರದಂತೆ ಹಳೇ ಧೋತರ ಹೊದಿಸುತ್ತಿದ್ದಳು. ಒಂದು ದಿನ ಹುಬ್ಬಳ್ಳಿ ಕಡೆಯ ಒಬ್ಬ ಮನುಷ್ಯ ನನ್ನ ಅಂಗಡಿಗೆ ಬಂದ. ಹಳೇ ಮಗ್ಗ, ಹಳೇ ಚಕ್ಕಡಿ, ಒರಳುಕಲ್ಲು ಕೊಂಡು ದೊಡ್ಡ ಹೋಟೆಲುಗಳ ಬಾಗಿಲಿನಲ್ಲಿ ಅಂದಕ್ಕೆ ಇಡಲು ಕೊಡುವುದು ಅವನ ಉದ್ಯೋಗ. ನಮ್ಮ ಮನೆಯಲ್ಲಿ ಸಾಗವಾನಿಯ ಮಗ್ಗ ಇದೆಯೆಂದು ಯಾರೋ ಹೇಳಿದ್ದರು. ಆ ಮಾತನ್ನು ಮನೆಯಲ್ಲಿ ಸುಮ್ಮನೆ ನಗೆಗೆಂದು ಹೇಳಿದೆ.

ಹೆಂಡತಿ ಹಣೆಯ ಬಟ್ಟೆ ಸರಿಮಾಡಿಕೊಳ್ಳುತ್ತಾ, “ಕೊಟ್ಟಬಿಡ್ರಿ,” ಎಂದಳು.

ನಾನು ದಂಗಾದೆ. ಆ ಮಗ್ಗಕ್ಕಾಗಿ ನನ್ನ ಹಸ್ತ ಅದುಮಿದವಳು ಇವಳೇನಾ? ಮುಖ ನೋಡಿ ಮನುಷ್ಯ ಎಲ್ಲಿಗೆ ಇಳಿಯುತ್ತಾನೆಂದು ಹೇಳುವವನು ನಾನು. ಆ ಮುಖದಲ್ಲಿ ಏನೂ ತಿಳಿಯಲಿಲ್ಲ. ಆ ಮನುಷ್ಯ ಮತ್ತೆ ಅಂಗಡಿಗೆ ಬಂದು, ಸುಗ್ಗಿ ಮುಗಿದ ಮೇಲೆ ಗಾಡಿ ತರುತ್ತೇನೆಂದು ಹೇಳಿಹೋದ. ನಾನು ಬೇಡವೆನ್ನಲಿಲ್ಲ. ಮಗ್ಗ ಅವಳದು, ಮಾತೂ ಅವಳದು. ಆದರೆ ಅವತ್ತೇ ಒಂದು ನಿರ್ಧಾರ ಮಾಡಿದೆ. ಈ ತಲೆಶೂಲೆಯ ನಿಜವಾದ ಬೆಲೆ ಎಷ್ಟೆಂದು ತಿಳಿಯದೆ ಮಗ್ಗವನ್ನು ಮನೆಯಿಂದ ಹೊರಗೆ ಬಿಡಬಾರದು.

ಮೊದಲು ರೋಣದಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಅಲ್ಲಿಯ ಡಾಕ್ಟರು ಬರೆದುಕೊಟ್ಟದ್ದು ಇಎಸ್ಆರ್, ಸಿಆರ್‌ಪಿ ಎಂಬ ಎರಡು ಪರೀಕ್ಷೆ. ಮೈಯೊಳಗೆ ಎಲ್ಲಾದರೂ ಉರಿಯೂತ ಇದ್ದರೆ ಅದರ ಗುರುತು ಇವುಗಳಲ್ಲಿ ಕಾಣುತ್ತದೆ ಎಂದರು. ನನಗೆ ಭಾಳ ಖುಷಿಯಾಯಿತು. ಇಷ್ಟು ದಿನ ಅವಳು ಸ್ವಲ್ಪ ಎನ್ನುವುದು, ನಾನು ಬಹಳ ಎನ್ನುವುದು, ಅಕ್ಕ ಏನೂ ಇಲ್ಲ ಎನ್ನುವುದು ನಡೆದಿತ್ತು. ಈಗ ತೂಕದ ಕಾಟಾ ಸಿಕ್ಕಿತಲ್ಲ! ಹತ್ತಿ ಮಾರುವಾಗ ರೈತ ಒಂದು ಹೇಳುತ್ತಾನೆ, ಸಾವಕಾರ ಒಂದು ಹೇಳುತ್ತಾನೆ, ಕಾಟಾದ ಮೇಲೆ ಇಟ್ಟರೆ ಇಬ್ಬರ ಬಾಯಿಯೂ ಮುಚ್ಚುತ್ತದೆ. ರಕ್ತದ ರಿಪೋರ್ಟು ಬಂದರೆ ಅಕ್ಕನ ಬಾಯಿ ಮುಚ್ಚುತ್ತದೆ ಎಂದು ನನ್ನ ಲೆಕ್ಕ.

ರಿಪೋರ್ಟು ಬಂತು. ಒಂದು ಅಂಕಿ ಇರಬೇಕಾದಷ್ಟೇ ಇತ್ತು, ಇನ್ನೊಂದು ಗೆರೆಗಿಂತ ಸ್ವಲ್ಪವೇ ಮೇಲೆ. ಅಕ್ಕ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಓದಲು ಬರುವುದಿಲ್ಲ, ಆದರೆ ನನ್ನ ಮುಖ ಓದಲು ಬರುತ್ತದೆ.

“ಏನಂತ ತಮ್ಮಾ ಕಾಗದ? ಸ್ವಲ್ಪ ಅಂತಲ್ಲ?” ಎಂದಳು.

ಹೆಂಡತಿ ಅಡುಗೆ ಮನೆಯಿಂದಲೇ, ನಾನೂ ಅದನ್ನೇ ಹೇಳುತ್ತಿದ್ದೆನಲ್ಲ ಎಂದಳು. ಆ ದನಿಯಲ್ಲಿ ಗೆದ್ದವರ ಸಂತೋಷ ಇರಲಿಲ್ಲ. ವ್ಯಾಪಾರಿಯ ಕಿವಿಗೆ ಅಂಥದ್ದು ತಪ್ಪುವುದಿಲ್ಲ. ಸೋತು ಮಾಲು ಬಿಟ್ಟುಕೊಡುವವನು ಹಾಗೆ ಮಾತಾಡುತ್ತಾನೆ.

ನಾನು ಸುಮ್ಮನಾಗುವವನಲ್ಲ. ವಾರಕ್ಕೊಮ್ಮೆ ನರಗುಂದದ ಒಂದು ದವಾಖಾನೆಗೆ ನರದ ರೋಗ ನೋಡುವ ಡಾಕ್ಟರಮ್ಮ ಒಬ್ಬರು ಬರುತ್ತಾರೆಂದು ಸೀರೆ ಕೊಳ್ಳುವ ಹೆಣ್ಣುಮಗಳೊಬ್ಬಳು ಹೇಳಿದ್ದಳು. ಬಸ್ಸು ಹತ್ತಿದೆವು. ಅಕ್ಕನೂ ಬಂದಳು, ಯಾಕೆಂದರೆ ನರಗುಂದ ನೋಡಿ ಬಹಳ ದಿನವಾಗಿತ್ತಂತೆ. ದಾರಿಯುದ್ದಕ್ಕೂ ಎರೆಹೊಲದಲ್ಲಿ ಕಡಲೆ ಹಸಿರಾಗಿತ್ತು. ಹೆಂಡತಿ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು ಕುಳಿತಿದ್ದಳು. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು ಅಂತ ಕಾಣುತ್ತದೆ. ಕೇಳಿದರೆ, ಸ್ವಲ್ಪ ಎಂದಳು.

ಡಾಕ್ಟರಮ್ಮ ವಯಸ್ಸಿನಲ್ಲಿ ಸಣ್ಣವರು, ಮಾತಿನಲ್ಲಿ ನಿಧಾನ. ಮೊದಲು ರಿಪೋರ್ಟನ್ನು ಅವರ ಮುಂದೆ ಹಾಸಿದೆ. ಆ ಮೇಲೇರಿದ ಅಂಕಿಯ ಮೇಲೆ ಬೆರಳಿಟ್ಟು, ಇದನ್ನು ನೋಡಿ ಔಷಧಿ ಜೋರಾಗಿಯೇ ಕೊಡಿ ಎಂದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಐವತ್ತು ದಾಟಿದವರಿಗೆ ತಲೆನೋವು ಒಮ್ಮೆಲೇ ಜಾಸ್ತಿಯಾದಾಗ ಕಣತಲೆಯ ರಕ್ತನಾಳಕ್ಕೆ ಬಾವು ಬಂದಿದೆಯೇ ಎಂದು ನೋಡಬೇಕಾಗುತ್ತದೆ, ಅದಕ್ಕೆ ಈ ಪರೀಕ್ಷೆ ಬೇಕು ಎಂದರು. ಕಣ್ಣು ನೋಡಿದರು, ಕಣತಲೆ ಮುಟ್ಟಿ ನೋಡಿದರು, ಅಗಿಯುವಾಗ ದವಡೆ ನೋಯುತ್ತದೆಯೇ ಎಂದು ಕೇಳಿದರು. ಅಂಥದ್ದೇನೂ ಇಲ್ಲ, ಇದು ಹಳೆಯ ಅರೆತಲೆಶೂಲೆಯೇ, ದಿನಾ ನುಂಗಿದ ಗುಳಿಗೆಯಿಂದ ಇನ್ನೂ ಹಟ ಹಿಡಿದಿದೆ ಎಂದರು.

ಹಾಗಾದರೆ ಈ ಅಂಕಿ ಯಾಕೆ ಮೇಲಿದೆ ಎಂದು ನಾನು ಬಿಡಲಿಲ್ಲ.

“ಅರೆತಲೆಶೂಲಿ ಇದ್ದವರೊಳಗ ಕೆಲವರಿಗೆ ಇದು ಸ್ವಲ್ಪ ಏರಿರ್ತೈತ್ರಿ, ಕೆಲವರಿಗೆ ಏರಂಗೇ ಇಲ್ಲ. ತಿಳದವರು ಇನ್ನೂ ಹುಡುಕಾಕತ್ತಾರ. ಆದ್ರ ಇದನ್ನ ನೋಡಿ ನೋವು ಎಷ್ಟಂತ ಹೇಳಾಕ ಬರಂಗಿಲ್ಲ ಯಜಮಾನ್ರ.”

ನನಗೆ ಅದು ಥಟ್ಟನೆ ಹಿಡಿಸಿತು. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳಬಹುದು. ನೊಗ ಎಷ್ಟು ಭಾರವಾಗಿದೆ ಎಂದು ಹಲ್ಲು ಹೇಳುವುದಿಲ್ಲ, ಅದು ಎತ್ತಿನ ಹೆಗಲಿಗೇ ಗೊತ್ತು. ಇದನ್ನು ಡಾಕ್ಟರಮ್ಮನಿಗೆ ಹೇಳಿದೆ. ಸರಿಯಾದ ಮಾತು ಎಂದರು. ಓದುವವರಿಗೂ ಅದೇ ಬುದ್ಧಿಮಾತು. ರಿಪೋರ್ಟು ಸರಿಯಿದೆ ಎಂದ ಮಾತ್ರಕ್ಕೆ ಮನೆಯವರ ನೋವು ಸುಳ್ಳೆಂದು ತಿಳಿಯಬೇಡಿ. ರಿಪೋರ್ಟು ತನಗೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ.

ಆಮೇಲೆ ಅವರು ಹೆಂಡತಿಯ ಕಡೆ ತಿರುಗಿದರು.

“ಅವ್ವಾರ, ಸೊನ್ನಿ ಅಂದ್ರ ನೋವ ಇಲ್ಲ. ಹತ್ತು ಅಂದ್ರ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ನಿಮ್ಮದು ಎಷ್ಟ?”

“ಎರಡ ಬರ್ಕೊಳ್ರಿ,” ಎಂದಳು ಇವಳು, ಅಕ್ಕನ ಕಡೆ ಒಮ್ಮೆ ನೋಡಿ.

ಎರಡೇ? ಎರಡಲ್ಲ, ಎಂಟು ಬರೆದುಕೊಳ್ಳಿ ಎಂದೆ. ಅಕ್ಕ ನಡುವೆ ಬಾಯಿ ಹಾಕಿ, ಅವಳೇ ಎರಡು ಅಂದಮೇಲೆ ನಿನ್ನದೇನು ಎಂದಳು. ನೋಡಿ, ಮನುಷ್ಯನ ಚಟ ಎಂಥದು. ಎರಡು ಮತ್ತು ಎಂಟರ ನಡುವೆ ವ್ಯಾಪಾರ ನಿಂತದ್ದು ಕಂಡಕೂಡಲೇ ನನ್ನೊಳಗಿನ ದಲಾಲಿ ಎದ್ದು ನಿಂತ.

“ಹಂಗಾರ ನಡುವ ಐದಕ್ಕ ಮುಗಸ್ರಿ,” ಎಂದುಬಿಟ್ಟೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಯಜಮಾನ್ರ, ತಲಿ ಯಾರದು?”

“ತಲಿ ಅಕಿದರಿ.”

“ಹಂಗಾರ ಅಂಕಿನೂ ಅವರದ.”

ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ನೋವು ಎರಡೇ ಆಗಿದ್ದರೆ ಬಂದಾಗ ಒಂದು ಗುಳಿಗೆ, ವಿಶ್ರಾಂತಿ, ಅಷ್ಟು ಸಾಕು. ಅದು ಬಹಳವಿದ್ದು ಕೆಲಸವನ್ನೇ ನಿಲ್ಲಿಸುತ್ತಿದ್ದರೆ, ಬರದಂತೆ ತಡೆಯಲು ದಿನಾ ತೆಗೆದುಕೊಳ್ಳುವ ಬೇರೆ ಔಷಧಿ ಕೊಡಬೇಕು. ಅದನ್ನು ಕೆಲವು ತಿಂಗಳು ಬಿಡದೆ ನಡೆಸಬೇಕು, ಅದರದೂ ಒಂದಿಷ್ಟು ತೊಂದರೆ ಇರುತ್ತದೆ. ಯಾವುದೆಂದು ಗಂಡ ಹೇಳಿದ ಅಂಕಿಯ ಮೇಲೆ ನಿರ್ಧಾರ ಮಾಡಲಾಗುವುದಿಲ್ಲ. ಅವರ ಮಾತು ನ್ಯಾಯವಾಗಿತ್ತು. ಹೆಂಡತಿ ತಲೆ ತಗ್ಗಿಸಿ, ಎರಡೇ ರಿ, ಎಂದು ಮತ್ತೆ ಹೇಳಿದಳು. ಅವರು ಬರೆಯಲು ಪೆನ್ನು ಎತ್ತಿದರು.

ಎರಡು ಎಂಬ ಆ ಅಂಕಿ ಚೀಟಿಯ ಮೇಲೆ ಬಿದ್ದರೆ ಮುಗಿಯಿತು. ಮನೆಗೆ ಹೋಗಿ ಹಳೇ ಗುಳಿಗೆ, ಹಳೇ ಕಷಾಯ, ಸುಗ್ಗಿ ಮುಗಿದಮೇಲೆ ಗಾಡಿ ಬಂದು ಮಗ್ಗ ಒಯ್ಯುತ್ತದೆ. ನನಗೆ ಇನ್ನೇನೂ ತೋಚಲಿಲ್ಲ. ಹೆಗಲ ಮೇಲಿನ ಟವೆಲು ತೆಗೆದು ಅವಳ ಕೈಮೇಲೆ ಹಾಕಿದೆ. ಅಕ್ಕ, ಇದೇನು ಹುಚ್ಚು, ಇಲ್ಲಿ ಯಾವ ಎತ್ತು ಬಂದಿದೆ ಎಂದು ಗೊಣಗಿದಳು. ಟವೆಲಿನ ಕೆಳಗೆ ಕೈ ಚಾಚಿ ಕಾದೆ. ಕೇಳಲಿಲ್ಲ, ಒತ್ತಾಯಿಸಲಿಲ್ಲ. ದಲಾಲಿ ಅಂಗೈ ತೆರೆದು ಕಾಯಬೇಕು, ಎಳೆಯಬಾರದು.

ಅವಳ ಕೈ ತಣ್ಣಗಿತ್ತು. ಬಹಳ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಇಡೀ ಹಸ್ತ ನನ್ನ ಅಂಗೈಗೆ ಬಂತು. ಐದು. ಸರಿ, ಐದಾದರೂ ಒಪ್ಪಿದಳಲ್ಲ ಎಂದುಕೊಳ್ಳುವಷ್ಟರಲ್ಲಿ ಹಸ್ತ ಹಿಂದೆ ಸರಿಯಿತು, ಮತ್ತೆ ಬೆರಳು ಬಂದವು. ಒಂದು, ಎರಡು, ಮೂರು. ನಾಲ್ಕನೆಯದು ಸ್ವಲ್ಪ ತಡೆದು ಬಂತು. ಬಂದಮೇಲೆ ನಾಲ್ಕೂ ಗಟ್ಟಿಯಾಗಿ ನನ್ನ ಕೈಯಲ್ಲಿ ಉಳಿದವು.

ಎಂಟು ಎಂದು ನಾನು ಬಾಯಿಗೆ ಬಂದದ್ದು ಹೇಳಿದ್ದೆ, ಜಾಸ್ತಿಯೇ ಹೇಳಿದ್ದೇನೆಂದು ತಿಳಿದಿದ್ದೆ. ಇದು ನನ್ನ ಕೂಗಿಗಿಂತ ಮೇಲಿತ್ತು.

ಡಾಕ್ಟರಮ್ಮ ನಮ್ಮಿಬ್ಬರ ಮುಖ ನೋಡುತ್ತಿದ್ದರು. ಏನು ನಡೆಯಿತೆಂದು ಕೇಳಿದರು. ಸಂತೆಯ ಪದ್ಧತಿ ವಿವರಿಸಿದೆ, ಅಲ್ಲಿ ಕೊಟ್ಟ ಅಂಕಿಯನ್ನು ತಿರುಗಿಸುವಂತಿಲ್ಲ ಎಂದೂ ಹೇಳಿದೆ. ಎಷ್ಟು ಎಂದು ಮಾತ್ರ ಹೇಳಲಿಲ್ಲ. ಟವೆಲಿನ ಕೆಳಗಿನದನ್ನು ಮಾಲಿನ ಧಣಿ ಒಪ್ಪದೆ ದಲಾಲಿ ಹೊರಗೆ ಹೇಳಬಾರದು. ಅವರಿಗೆ ಅದು ಅರ್ಥವಾಯಿತು. ಕುರ್ಚಿಯನ್ನು ಹೆಂಡತಿಯ ಹತ್ತಿರ ಎಳೆದುಕೊಂಡು, ಈಗ ನನಗೂ ಹೇಳಿರವ್ವಾ ಎಂದರು.

ಹೆಂಡತಿ ತಲೆ ಎತ್ತಿದಳು. ಸೆರಗನ್ನು ಕಣ್ಣಿನ ಮೇಲಿಂದ ಸರಿಸಿದಳು.

“ಒಂಬತ್ತು ರಿ. ಮಗಳನ್ನ ಹಡದಾಗಿಂದು ಹತ್ತು ಅಂತ ಇಟ್ಟೀನಿ. ಇದು ಒಂಬತ್ತ.”

ಅಷ್ಟು ಸ್ಪಷ್ಟವಾಗಿ, ಅಷ್ಟು ನೇರವಾಗಿ ಅವಳು ತನ್ನ ಬಗ್ಗೆ ಮಾತಾಡಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಅಕ್ಕನ ಕಡೆ ನೋಡಿದೆ. ಅಕ್ಕ ಗೋಡೆಯ ಮೇಲಿನ ಮೆದುಳಿನ ಚಿತ್ರ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ ಇವಳ ಕೈಗೆ ಕೊಟ್ಟಳು. ಅದರ ಜೊತೆಗೆ ಮಾತು ಬರಲಿಲ್ಲ.

ಹೊರಗೆ ಬಂದು ಚಹಾ ಕುಡಿಯುವಾಗ ಕೇಳಿದೆ, ಒಂಬತ್ತಿದ್ದದ್ದನ್ನು ಎರಡೆಂದು ಯಾಕೆ ಹೇಳುತ್ತಿದ್ದೆ ಎಂದು. ಅವಳು ಬಸಿಯಲ್ಲಿ ಸುರಿದುಕೊಂಡ ಚಹಾಕ್ಕೆ ಊದುತ್ತಾ ಹೇಳಿದಳು:

“ನಾ ಒಂಬತ್ತು ಅಂದ್ರ ನೀವು ಏಳಕ್ಕ ಇಳಸ್ತೀರಿ, ಅಕ್ಕಾರು ನಾಕಕ್ಕ ತರ್ತಾರ. ಸುಮ್ನ ಯಾಕ ಚೌಕಾಸಿ ಅಂತ ನಾನ ಇಳಿಸಿ ಹೇಳತಿದ್ದೆ.”

ಅಕ್ಕ ಚಹಾ ನೆತ್ತಿಗೇರಿ ಕೆಮ್ಮಿದಳು. ಆಮೇಲೆ ನಗತೊಡಗಿದಳು. ನಾವು ಮೂವರೂ ನಕ್ಕೆವು, ಇವಳು ಮಾತ್ರ ಒಂದು ಕೈಯಲ್ಲಿ ಹಣೆ ಹಿಡಿದುಕೊಂಡೇ ನಕ್ಕಳು. ಇದರಿಂದ ನಾನು ಕಲಿತದ್ದನ್ನು ಬಿಟ್ಟಿಯಾಗಿ ಹೇಳುತ್ತೇನೆ. ಎಲ್ಲದಕ್ಕೂ ಚೌಕಾಸಿ ಮಾಡಿ, ನಾನು ಬೇಡ ಎನ್ನುವುದಿಲ್ಲ, ಅದರಿಂದಲೇ ಮನೆ ಕಟ್ಟಿದ್ದೇನೆ. ನೋವಿನ ಅಂಕಿಯನ್ನು ಮಾತ್ರ ಹೇಳಿದ ಬೆಲೆಗೇ ತೆಗೆದುಕೊಳ್ಳಿ. ಡಾಕ್ಟರ ಮುಂದೆ ಹೋದಾಗ ನೋವಿದ್ದವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ನೀವು ಹಿಂದೆ ಕೂಡಿ. ಬಾಯಿ ಮುಚ್ಚಿಕೊಂಡು ಕೂಡುವುದು ಕಷ್ಟ, ನನಗೆ ಗೊತ್ತು.

ಔಷಧಿ ಶುರುವಾಯಿತು. ಮೊದಲಿನ ಕೆಲವು ದಿನ ಹಳೇ ಗುಳಿಗೆ ಬಿಟ್ಟದ್ದಕ್ಕೆ ಶೂಲೆ ಇನ್ನೂ ಜೋರಾಯಿತು. ಹಾಗಾಗುತ್ತದೆಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು. ಇವಳು ಹಲ್ಲು ಕಚ್ಚಿ ಹಿಡಿದಳು. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಿದ್ದೆ ಎಂದು ಹೇಳಿದ್ದರು. ಆ ಕಾಯಿದೆಯ ಕಾವಲು ಅಕ್ಕನದು. ನಮ್ಮೂರಿನ ಪೊಲೀಸರೂ ಅಷ್ಟು ಕಟ್ಟುನಿಟ್ಟಿಲ್ಲ. ಇವಳು ಮಗ್ಗದಿಂದ ಏಳದಿದ್ದರೆ ಅಕ್ಕ ತಾಟು ತಂದು ಲಾಳಿಯ ದಾರಿಗೇ ಇಡುತ್ತಿದ್ದಳು. ಕಿಟಕಿಯ ಬಿಸಿಲು ನೇರವಾಗಿ ಕಣ್ಣಿಗೆ ಬೀಳುತ್ತಿತ್ತೆಂದು ಮಗ್ಗವನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ತಿರುಗಿಸಿದೆ. ಇಂಥ ಮಗ್ಗ ಸರಿಸುವುದು ಸುಲಭವಲ್ಲ. ಸಂತೆಯ ನಾಲ್ಕು ಗೆಳೆಯರು ಬಂದು ಹೆಗಲು ಕೊಟ್ಟರು.

ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಅವಳು ಕೈ ಚಾಚುವಳು. ನಾನು ಟವೆಲು ಹಾಕಿ ಆ ದಿನದ ಅಂಕಿ ತೆಗೆದುಕೊಳ್ಳುವೆ. ಬೇಕಾದರೆ ಬಾಯಲ್ಲೇ ಹೇಳಬಹುದಿತ್ತು, ಈಗ ಅಕ್ಕನೂ ಏನೂ ಅನ್ನುತ್ತಿರಲಿಲ್ಲ. ಆದರೂ ಅದೇ ರೂಢಿಯಾಯಿತು. ಎಂಟು, ಏಳು, ಮತ್ತೆ ಎಂಟು. ಒಂದು ದಿನ ಇಡೀ ಹಸ್ತ ಬಂತು, ಬಿಟ್ಟುಹೋಯಿತು, ಮತ್ತೆ ಬೆರಳು ಬರಲಿಲ್ಲ. ಐದು. ಅವತ್ತು ಗಿರಾಕಿಗಳಿಗೆಲ್ಲ ಚಹಾ ಕುಡಿಸಿದೆ, ಯಾಕೆಂದು ಯಾರಿಗೂ ಹೇಳಲಿಲ್ಲ. ಪೂರ್ತಿ ವಾಸಿಯಾಯಿತು ಎನ್ನುವುದಿಲ್ಲ, ಹಾಗೆ ಹೇಳಿದರೆ ಸಂತೆಯ ಬಾಯಿಯ ರೇಟಾಗುತ್ತದೆ. ಈಗಲೂ ಕೆಲವು ದಿನ ಕತ್ತಲೆ ಕೋಣೆ ಬೇಕಾಗುತ್ತದೆ. ಆದರೆ ದಿನಗಳ ನಡುವಿನ ಅಂತರ ದೊಡ್ಡದಾಯಿತು, ಅಂಕಿ ಕೆಳಗಿಳಿಯಿತು. ಧೋತರದ ಕೆಳಗಿದ್ದ ಅರ್ಧ ಸೀರೆ ಪೂರ್ತಿಯಾಗಿ ಹೊರಗೆ ಬಂತು.

ಸುಗ್ಗಿ ಮುಗಿಯಿತು. ಹುಬ್ಬಳ್ಳಿ ಕಡೆಯ ಮನುಷ್ಯ ಗಾಡಿ ತಂದ. ನಾನು ಬರಬೇಡ ಎಂದು ಹೇಳಿರಲಿಲ್ಲ, ಬಾ ಎಂದೂ ಕರೆದಿರಲಿಲ್ಲ. ಮಗ್ಗ ಕೊಡಿ ಎಂದಿದ್ದವಳು ಅವಳು, ಬೇಡವೆಂದು ಆಮೇಲೆ ಹೇಳಿಯೂ ಇರಲಿಲ್ಲ. ನೇಯುವುದೇ ನೋವಿಗೆ ಮೂಲ ಎಂದು ಅವಳು ತಿಳಿದಿದ್ದರೆ? ಸಾಕು ಎನಿಸಿದ್ದರೆ? ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ಅವನು ಮಗ್ಗದ ಸುತ್ತ ತಿರುಗಿ ನೋಡಿ, ಸಾಗವಾನಿಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಸಂತೋಷಪಟ್ಟ. ಬಾಯಲ್ಲಿ ಒಳ್ಳೆಯ ಬೆಲೆಯನ್ನೇ ಹೇಳಿದ, ನಾನು ಅದನ್ನು ಇನ್ನೂ ಏರಿಸಬಲ್ಲೆನೆಂದು ಅವನ ಮುಖವೇ ಹೇಳುತ್ತಿತ್ತು. ಹೆಂಡತಿಗೂ ಹೇಳಿದ:

“ಹೋಟೆಲ್ ಬಾಗಲದಾಗ ಇಡ್ತೀವ್ರಿ ಅಕ್ಕಾರ. ಬಂದ ಮಂದಿ ಎಲ್ಲಾ ನಿಂತು ನೋಡ್ತಾರ.”

“ನೋಡಾಕ ಫೋಟೋ ಸಾಕಲ್ರಿ. ಹೊಡಕೊಂಡು ಹೋಗ್ರಿ,” ಎಂದಳು ಇವಳು.

ಅಕ್ಕ ಒಳಗಿನಿಂದ ಕಿಸಕ್ಕನೆ ನಕ್ಕಳು. ಆ ಮನುಷ್ಯ ವ್ಯಾಪಾರದ ಮಾತೆಂದು ತಿಳಿದು ಬೆಲೆ ಏರಿಸಿದ. ಪದ್ಧತಿ ಪದ್ಧತಿಯೇ. ನಾನು ಟವೆಲು ತೆಗೆದು ಹೆಂಡತಿಯ ಕೈಮೇಲೆ ಹಾಕಿದೆ, ಮಾಲಿನ ಧಣಿ ಅವಳು. ಕೆಳಗೆ ಅಂಗೈ ತೆರೆದು ಕಾದೆ. ಬಂದದ್ದು ಮುಷ್ಟಿ. ಗುಂಡುಕಲ್ಲಿನ ಹಾಗೆ ಗಟ್ಟಿ ಮುಷ್ಟಿ. ದಲಾಲಿಯ ಚಟಕ್ಕೆ ಒಂದು ಬೆರಳನ್ನು ಬಿಡಿಸಲು ನೋಡಿದೆ. ಉಗುರಿನಿಂದ ಜಿಗುಟಿದಳು.

ಮಾರಾಟಕ್ಕಿಲ್ಲ ಎಂದು ಅವನಿಗೆ ಹೇಳಿದೆ. ಅವನು ನನ್ನ ಮುಖ ನೋಡಿದ, ಇವಳ ಮುಖ ನೋಡಿದ, ಇಷ್ಟು ಬೆಲೆಗೆ ಬೇಡ ಎನ್ನುವವರನ್ನು ಮೊದಲ ಸಲ ನೋಡುತ್ತಿದ್ದೇನೆ ಎಂದ. ಹೆಂಡತಿ ಅವನಿಗೆ ಚಹಾ ಕೊಡುವಂತೆ ಅಕ್ಕನಿಗೆ ಹೇಳಿದಳು, ಅವನ ಮನೆಯವರಿಗೆಂದು ಒಂದು ಪಟ್ಟೆದಂಚು ಸೀರೆಯನ್ನೂ ಮಾರಿದಳು, ಒಂದು ಪೈಸೆ ಬಿಡಲಿಲ್ಲ. ಗಾಡಿ ಖಾಲಿ ಹೋಯಿತು. ನಾನು ಜೀವಮಾನದಲ್ಲಿ ಕುದುರಿಸಿದ ವ್ಯಾಪಾರಗಳ ಬಗ್ಗೆ ಗಂಟೆಗಟ್ಟಲೆ ಹೇಳಬಲ್ಲೆ. ಕುದುರದೆ ಹೋದದ್ದಕ್ಕೆ ಹಿಗ್ಗಿದ್ದು ಅದೊಂದೇ.

ಗಾಡಿಯ ಸಪ್ಪಳ ಓಣಿಯ ತಿರುವಿನಲ್ಲಿ ಸಣ್ಣದಾದ ಮೇಲೆ ಟವೆಲನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೊರಟೆ. ಅವಳು ತಡೆದ ಹಾಗೆ ಕೈ ಚಾಚಿದಳು. ಬೆಳಗಿನ ಗಡಿಬಿಡಿಯಲ್ಲಿ ಅವತ್ತಿನ ಅಂಕಿ ತೆಗೆದುಕೊಳ್ಳುವುದನ್ನು ಮರೆತಿದ್ದೆ. ಟವೆಲು ಹಾಕಿದೆ. ಕೆಳಗೆ ಒಂದು ಬೆರಳು ಬಂತು. ಇನ್ನೊಂದು ಬರುತ್ತದೆಯೋ ಎಂದು ಕಾದೆ. ಬರಲಿಲ್ಲ. ಅವಳು ಕೈ ಬಿಡಿಸಿಕೊಂಡು ಮಗ್ಗಕ್ಕೆ ಕುಳಿತಳು. ನಾನು ಹೊಸ್ತಿಲು ದಾಟುವ ಮೊದಲೇ ಲಾಳಿ ಓಡತೊಡಗಿತ್ತು.